ಇಸ್ತ್ರಿ ಮಡಿಕೆ ಕೆಡದ ಜೆರ್ಸಿ

ನಮಸ್ಕಾರ ಕೇಳುಗರೇ.

ನಾಲ್ಕು ವರ್ಷದ ಹಿಂದಿನ ಮಾತು. ನಮ್ಮ ಪಕ್ಕದ ಊರಿನ ಜಾತ್ರೆಗೆ ಹೊನಲು ಬೆಳಕಿನ ಕಬಡ್ಡಿ ಇಟ್ಟಿದ್ದರು. ರಾತ್ರಿ ದೊಡ್ಡವರ ಪಂದ್ಯ, ಅದಕ್ಕೆ ಮುಂಚೆ ಸಂಜೆ ಹುಡುಗರದ್ದು. ನಮ್ಮ ಕ್ಲಬ್ಬಿನ ಹುಡುಗರು ಮೂರು ಮ್ಯಾಚ್ ಆಡಿ ಕಪ್ ಗೆದ್ದರು. ಫೋಟೊಗೆ ಸಾಲಾಗಿ ನಿಂತರು. ಹನ್ನೊಂದು ಹುಡುಗರ ಮೈಕೈ ಎಲ್ಲ ಕೆಮ್ಮಣ್ಣು. ಮಂಡಿ ತರಚಿದೆ, ಒಬ್ಬನ ಜೆರ್ಸಿಯ ತೋಳು ಹರಿದಿದೆ. ಹನ್ನೆರಡನೆಯವನ ಜೆರ್ಸಿ ಮೇಲೆ ಮಾತ್ರ ಇಸ್ತ್ರಿಯ ಮಡಿಕೆ ಎದೆಯ ನಡುವೆ ಹಾಗೇ ಗೆರೆ ಎಳೆದಂತೆ ನಿಂತಿದೆ. ಅವನೂ ಕಪ್ಪಿಗೆ ಕೈ ಹಚ್ಚಿ ನಕ್ಕಿದ್ದಾನೆ. ಆ ಫೋಟೊ ಇವತ್ತಿಗೂ ನನ್ನ ಹತ್ತಿರ ಇದೆ.

ಅವನನ್ನು ಮೂರೂ ಮ್ಯಾಚ್ ಹೊರಗೆ ಕೂರಿಸಿದವನು ನಾನೇ.

ನಾನು ಮಂಡ್ಯ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ಈಗ ನಿವೃತ್ತಿ. ಊರಿನ ಕಬಡ್ಡಿ ಕ್ಲಬ್ಬಿನಲ್ಲಿ ಚಿಕ್ಕ ಹುಡುಗರ ತಂಡ ನೋಡಿಕೊಳ್ಳುತ್ತೇನೆ. ಯಾರನ್ನು ಆಡಿಸಬೇಕು, ಯಾರನ್ನು ಬಿಡಬೇಕು ಅನ್ನುವ ಒಂದು ವಿಷಯದಲ್ಲಿ ನಾನು ಮಾಡಿದ ತಪ್ಪನ್ನೂ ಆಮೇಲೆ ಕಲಿತದ್ದನ್ನೂ ನಿಮಗೆ ಹೇಳಬೇಕು ಅಂತ ಬಂದಿದ್ದೇನೆ.

ಜಾತ್ರೆಯ ಮಾರನೇ ದಿನ ಬೆಳಿಗ್ಗೆ ಹಾಲಿನ ಡೈರಿ ಹತ್ತಿರ ಆ ಹುಡುಗನ ತಾಯಿ ಸಿಕ್ಕಿದರು. ಕೈಯಲ್ಲಿ ಕ್ಯಾನ್ ಇತ್ತು. ದಿನಾ ಮಗನೇ ಹಾಲು ತರುವುದು, ಅವತ್ತು ಅವನು ಎದ್ದಿರಲಿಲ್ಲವಂತೆ. ಜಗಳಕ್ಕೆ ಬರಲಿಲ್ಲ. ಮೆಲ್ಲಗೆ ಕೇಳಿದರು: "ಮೇಷ್ಟ್ರೇ, ಇವ್ನ ಕೈಲಿ ಆಡಕ್ಕಾಗಲ್ಲ ಅಂದ್ರೆ ಹೇಳ್ಬುಡಿ, ಗದ್ದೆ ಕೆಲ್ಸಕ್ಕಾದ್ರೂ ಬತ್ತಾನೆ. ಆಡ್ತಾನೆ ಅಂದ್ರೆ ಒಂದ್ಸಲ ಬುಡಿ ಸಾ." ನಾನು "ಇನ್ನೂ ಚಿಕ್ಕವನು ಕಣಮ್ಮ, ಮೈಕೈ ತುಂಬಿಕೊಳ್ಳಲಿ" ಅಂದೆ. ಹೇಳಿದ್ದು ಸುಳ್ಳಲ್ಲ. ಆದರೆ ಮನೆಗೆ ಬರುವಷ್ಟರಲ್ಲಿ ಮನಸ್ಸು ಕೊರೆಯೋಕೆ ಶುರುವಾಯಿತು. ಯಾಕೆಂದರೆ ಅವನ ಜಾಗದಲ್ಲಿ ಮೂರೂ ಮ್ಯಾಚ್ ಪೂರ್ತಿ ಆಡಿದವನು ನನ್ನ ತಮ್ಮನ ಮಗ.

ತಮ್ಮನ ಮಗ ಅನ್ನುವ ಕಾರಣಕ್ಕೇ ನಾನು ಅವನನ್ನು ಆಡಿಸಿದ್ದಲ್ಲ. ನಿಜವಾಗಿಯೂ ಅವನು ಚೆನ್ನಾಗಿ ಆಡುತ್ತಿದ್ದ. ಹನ್ನೆರಡು ವರ್ಷಕ್ಕೇ 50 ಕೆ.ಜಿ. ರೈಡಿಗೆ ಹೋದರೆ ಇಬ್ಬರನ್ನು ಎಳೆದುಕೊಂಡೇ ಗೆರೆ ಮುಟ್ಟುವನು. ಹಾಲಿನ ಹುಡುಗ 34 ಕೆ.ಜಿ. ಕಣ್ಣಿಗೆ ಕಂಡದ್ದನ್ನು ನಂಬಿದೆ. ಆದರೆ ಆ ಕಣ್ಣು ಯಾರದ್ದು? ನನ್ನದೇ ಅಲ್ವಾ? ಮನೆಯಲ್ಲಿ ಓಡಾಡುವ ಹುಡುಗನ ಸಣ್ಣ ಚುರುಕುತನವೂ ನಮಗೆ ದೊಡ್ಡದಾಗಿ ಕಾಣುತ್ತೆ. ಬೇರೆಯವರ ಮಗುವಿನ ಚುರುಕು ನಾವು ಕೂತು ನೋಡಿದರೆ ಮಾತ್ರ ಕಾಣೋದು.

ಇಬ್ಬರ ಹುಟ್ಟಿದ ತಾರೀಖನ್ನೂ ರಿಜಿಸ್ಟರಿನಲ್ಲಿ ತೆಗೆದು ನೋಡಿದೆ. ಹುಟ್ಟಿದ ವರ್ಷ ಒಂದೇ. ನನ್ನ ತಮ್ಮನ ಮಗ ಜನವರಿ, ಆ ಹುಡುಗ ನವೆಂಬರ್. ನಾವು ಜನವರಿ 1ಕ್ಕೆ ಗೆರೆ ಎಳೆದು ವಯಸ್ಸಿನ ತಂಡ ಮಾಡುತ್ತೇವೆ. ಹಾಗಾಗಿ ಇಬ್ಬರೂ ಒಂದೇ ತಂಡ. ಆದರೆ ನಡುವೆ ಹತ್ತು ತಿಂಗಳು. ಇಪ್ಪತ್ತೈದು ವರ್ಷದವರಿಗೆ ಹತ್ತು ತಿಂಗಳು ಏನೂ ಅಲ್ಲ. ಹನ್ನೆರಡಕ್ಕೆ ಅದು ಕಣ್ಣಿಗೆ ಕಾಣುವಷ್ಟು ಎತ್ತರ. ಮೇಲಾಗಿ ಎಲ್ಲರಿಗೂ ಮೈ ಒಂದೇ ಹೊತ್ತಿಗೆ ಬೆಳೆಯುವುದಿಲ್ಲ. ಹುಡುಗರಲ್ಲಿ ಹೆಚ್ಚಿನವರು 14ರ ಆಸುಪಾಸಿನಲ್ಲಿ, ಹುಡುಗಿಯರು 12ರ ಆಸುಪಾಸಿನಲ್ಲಿ ಸರ್ರನೆ ಎತ್ತರ ಆಗುತ್ತಾರೆ. ಆ ಒಂದು ವರ್ಷದಲ್ಲಿ 8ರಿಂದ 10 ಸೆಂಟಿಮೀಟರ್ ಏರುವುದುಂಟು. ಕೆಲವರಿಗೆ ಅದು ಎರಡು ವರ್ಷ ಮುಂಚೆಯೇ ಬರುತ್ತೆ, ಕೆಲವರಿಗೆ ಎರಡು ವರ್ಷ ತಡ. ಒಂದೇ ಬೆಂಚಿನಲ್ಲಿ ಕೂರುವ ಇಬ್ಬರಲ್ಲಿ ಒಬ್ಬನದು ಹನ್ನೊಂದರ ಮೈ, ಇನ್ನೊಬ್ಬನದು ಹದಿನೈದರ ಮೈ. ನಾನು "ಪ್ರತಿಭೆ" ಅಂತ ಆರಿಸಿದ್ದರಲ್ಲಿ ಅರ್ಧ ಬರೀ ಬೇಗ ಬಂದ ಬೆಳವಣಿಗೆ.

ಇದು ಬರೀ ನಮ್ಮೂರ ಕಥೆ ಅಂದುಕೊಂಡಿದ್ದೆ. ನನ್ನ ಹಳೆಯ ವಿದ್ಯಾರ್ಥಿ ಒಬ್ಬ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕೆಲಸದಲ್ಲಿದ್ದಾನೆ. ಅವನ ಮಗ ಅಲ್ಲಿ ರಗ್ಬಿ ಲೀಗ್ ಆಡುತ್ತಾನೆ. ತಂಡಕ್ಕೆ ಹದಿಮೂರು ಜನ. ಚೆಂಡು ಹಿಡಿದು ಓಡುವವನನ್ನು ಎದುರಿನವರು ತಬ್ಬಿ ಕೆಡವುತ್ತಾರೆ, ಆರು ಸಲ ಕೆಡವಿಸಿಕೊಂಡರೆ ಚೆಂಡು ಅವರಿಗೆ. ನಮ್ಮ ಕಬಡ್ಡಿ ಹಿಡಿತದ ಹಾಗೇ ಮೈಗೆ ಮೈ ತಾಗುವ ಆಟ. ಫೋನಿನಲ್ಲಿ ಅವನೂ ಅದೇ ಗೋಳು ಹೇಳಿಕೊಂಡ. "ಸಾರ್, ಇಲ್ಲಿ ಕೋಚ್ ಮಗನಿಗೆ ಯಾವಾಗಲೂ ಒಳ್ಳೇ ಜಾಗ, ಕಮಿಟಿಯವರ ಮಗ ಕ್ಯಾಪ್ಟನ್ನು. ನಮ್ಮವನು ಚಳಿಯಲ್ಲಿ ಕೋಟು ಹಾಕ್ಕೊಂಡು ಗೆರೆ ಆಚೆ ನಿಂತಿರ್ತಾನೆ."

ಅಲ್ಲಿ ವಯಸ್ಸಿನ ಲೆಕ್ಕ ಸೆಪ್ಟೆಂಬರ್ 1ರಿಂದ. ಆ ಆಟದ ಹುಡುಗರ ಬಗ್ಗೆ ಅಲ್ಲಿನ ಸಂಶೋಧಕರು 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಆಯ್ಕೆಯಾಗಿ ಮೇಲಿನ ಹಂತಕ್ಕೆ ಹೋದ ಹುಡುಗರಲ್ಲಿ ಸೆಪ್ಟೆಂಬರಿನಿಂದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರೇ ಜಾಸ್ತಿ, ಕೊನೇ ತಿಂಗಳುಗಳಲ್ಲಿ ಹುಟ್ಟಿದವರು ಕಡಿಮೆ. ಅಂದರೆ ಅಲ್ಲಿ ಸೆಪ್ಟೆಂಬರಿನವನು ದೊಡ್ಡವನಾಗಿ ಕಂಡ, ಇಲ್ಲಿ ನನಗೆ ಜನವರಿಯವನು ಕಂಡ. ಆಡಿದವನು ಕಲಿತ, ಕಲಿತವನನ್ನೇ ಮತ್ತೆ ಆಡಿಸಿದೆ. ಮೂರು ವರ್ಷ ಹೀಗೆ ನಡೆದರೆ ಇಬ್ಬರ ನಡುವೆ ನಿಜವಾಗಿಯೂ ಅಂತರ ಬಂದುಬಿಡುತ್ತೆ. ಆಗ "ನೋಡಿ, ನಾನು ಮೊದಲೇ ಹೇಳಲಿಲ್ವಾ" ಅನ್ನುತ್ತೇವೆ.

ಅಲ್ಲೂ ಚಿಕ್ಕವರ ತಂಡ ನಡೆಸುವವರು ಹೆಚ್ಚಿನವರು ಅಪ್ಪಂದಿರೇ. ಸಂಬಳ ಇಲ್ಲ. ಇದನ್ನು ನಾವು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಸಂಜೆ ಹೊತ್ತು ಬಿಡುವು ಮಾಡಿಕೊಂಡು ಬಂದು ಸುಣ್ಣದ ಗೆರೆ ಎಳೆಯುವವನು, ಹುಡುಗರನ್ನು ಗಾಡಿಯಲ್ಲಿ ಕರೆದುಕೊಂಡು ಹೋಗುವವನು, ತನ್ನ ಮಗ ಆಡುತ್ತಾನೆ ಅಂತಲೇ ಬರುವುದು. ಅವರನ್ನೆಲ್ಲ ಪಕ್ಷಪಾತಿಗಳು ಅಂತ ಓಡಿಸಿದರೆ ಮಾರನೇ ದಿನ ಕ್ಲಬ್ಬೇ ಇರಲ್ಲ. ಜೆರ್ಸಿ ಕೊಡಿಸಿದವರ ಮಗ, ಅಧ್ಯಕ್ಷರ ಅಳಿಯನ ತಮ್ಮ, ನಮ್ಮ ಬೀದಿಯವನು, ನಮ್ಮೋರು ಅನ್ನುವುದೂ ಇದೆ. ಜಾತಿಯೂ ಇದೆ. ಮುಚ್ಚಿಟ್ಟರೆ ಅದು ಹೋಗುವುದಿಲ್ಲ. ಅದಕ್ಕೇ ಕಲಿಸುವ ಕೈ ಬೇರೆ, ಆರಿಸುವ ಕೈ ಬೇರೆ ಇರಬೇಕು ಅನ್ನುವುದು ನನ್ನ ಮಾತು.

ರಗ್ಬಿ ಲೀಗ್ ಹುಟ್ಟಿದ ಕಥೆ ಕೇಳಿದ ಮೇಲೆ ನನಗೆ ಹಾಲಿನ ಹುಡುಗನೇ ಕಣ್ಮುಂದೆ ಬಂದ. ಉತ್ತರ ಇಂಗ್ಲೆಂಡಿನಲ್ಲಿ ಆಗ ರಗ್ಬಿ ಆಡುತ್ತಿದ್ದವರು ಮಿಲ್ಲು, ಕಲ್ಲಿದ್ದಲ ಗಣಿಯ ಕೂಲಿಯವರು. ಶನಿವಾರ ಆಟಕ್ಕೆ ಬಂದರೆ ಆ ಹೊತ್ತಿನ ಕೂಲಿ ಹೋಗುತ್ತಿತ್ತು. ಕಳೆದುಕೊಂಡ ಕೂಲಿಯಷ್ಟನ್ನಾದರೂ ಆಟಗಾರರಿಗೆ ಕೊಡಲು ಬಿಡಿ ಅಂತ ಅವರ ಕ್ಲಬ್ಬುಗಳು ಕೇಳಿದವು. ರಗ್ಬಿ ನಡೆಸುತ್ತಿದ್ದ ದೊಡ್ಡವರ ಸಂಸ್ಥೆ ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಊರಿನ ಒಂದು ಹೋಟೆಲಿನಲ್ಲಿ ಆ ಕ್ಲಬ್ಬುಗಳು ಸೇರಿ ಬೇರೆಯೇ ಆದವು. ಹೋದ ಕೂಲಿಗೆ ದಿನಕ್ಕೆ ಆರು ಶಿಲ್ಲಿಂಗ್ ತನಕ ಕೊಡಬಹುದು ಅಂತ ನಿಯಮ ಮಾಡಿಕೊಂಡರು. ಆಟದ ಬೇರಿನಲ್ಲೇ ಇರುವ ಪ್ರಶ್ನೆ ಇದು: ದುಡಿಯುವ ಮನೆಯವನಿಗೆ ಆಡಲು ಹೊತ್ತು ಎಲ್ಲಿಂದ ಬರಬೇಕು?

ನಾನು ಏನು ಮಾಡಿದ್ದೆ ಗೊತ್ತಾ? ಬೆಳಿಗ್ಗೆ ಐದೂವರೆಗೆ ಪ್ರಾಕ್ಟೀಸ್ ಇಟ್ಟಿದ್ದೆ. "ದಿನಾ ಬಂದವರಿಗೇ ಮೊದಲು ಚಾನ್ಸ್" ಅಂದಿದ್ದೆ. ಕೇಳಲು ಎಷ್ಟು ನ್ಯಾಯವಾಗಿದೆ! ಆದರೆ ಆ ಹೊತ್ತಿಗೆ ಆ ಹುಡುಗ ಎರಡು ಹಸು ಹಾಲು ಕರೆದು, ಕ್ಯಾನ್ ಹೊತ್ತು ಡೈರಿಯ ಸಾಲಿನಲ್ಲಿ ನಿಂತಿರುತ್ತಿದ್ದ. ಆರೂಕಾಲಿಗೆ ಓಡಿ ಬರುವನು. ನಾನು ಅವನ ಹೆಸರಿನ ಮುಂದೆ "ತಡ" ಅಂತ ಬರೆಯುವೆನು. ಎರಡು ವರ್ಷ ಬರೆದಿದ್ದೇನೆ. ಒಂದು ದಿನವೂ ಯಾಕೋ ತಡ ಅಂತ ಕೇಳಲಿಲ್ಲ. ಈಗ ಪ್ರಾಕ್ಟೀಸ್ ಸಂಜೆ ಐದಕ್ಕೆ. ಕಬ್ಬು ಕಡಿಯುವ ದಿನಗಳಲ್ಲಿ ಬರಲಾಗದವರಿಗೆ ಭಾನುವಾರ ಬೇರೆ.

ಇನ್ನು ನನ್ನ ತಮ್ಮನ ಮಗನ ವಿಷಯ. ಪಕ್ಷಪಾತದಲ್ಲಿ ಲಾಭ ಆಗಿದ್ದು ಅವನಿಗೆ ಅಂತ ತಾನೇ ಅನಿಸೋದು? ಕಬಡ್ಡಿಯಲ್ಲಿ ತೂಕದ ಮಿತಿ ಇದೆ. ಆಗ ಸಬ್ ಜೂನಿಯರ್ ಅಂದರೆ 16 ವರ್ಷದೊಳಗಿನವರು, 55 ಕೆ.ಜಿ. ಮೀರಬಾರದಿತ್ತು. ಜೂನಿಯರ್ ಹುಡುಗರು 20 ವರ್ಷದೊಳಗೆ, 70 ಕೆ.ಜಿ. ಹದಿನಾಲ್ಕಕ್ಕೆ ಇವನು 58 ಆದ. ತೂಕಕ್ಕೆ ನಿಲ್ಲುವ ಹಿಂದಿನ ದಿನ ನೀರು ಕುಡಿಯದೆ, ಜರ್ಕಿನ್ ಹಾಕಿಕೊಂಡು ಬಿಸಿಲಲ್ಲಿ ಓಡುತ್ತಿದ್ದ. ನಾನು ಬೈದು ನಿಲ್ಲಿಸಿದೆ. ಬೆಳೆಯುವ ಹುಡುಗರಿಗೆ ಅದು ಒಳ್ಳೆಯದಲ್ಲ, ಯಾವ ಕೋಚೂ ಅದನ್ನು ನೋಡಿಯೂ ನೋಡದ ಹಾಗೆ ಇರಬಾರದು. ಸಬ್ ಜೂನಿಯರ್ ಕೈತಪ್ಪಿತು. ಹತ್ತೊಂಬತ್ತರ ಹುಡುಗರ ಜೊತೆ ಇಳಿದ. ಅಲ್ಲಿ ಇವನ ಮೈಬಲ ಯಾವ ಲೆಕ್ಕ! ಕಾಲಿನ ಕೆಲಸ ಕಲಿತಿರಲಿಲ್ಲ. ಹೆಚ್ಚಿನ ಪಾಯಿಂಟ್ ಕೊಡುವ ಬೋನಸ್ ಗೆರೆಗೆ ಕಾಲು ಹಾಕುವ ನಾಜೂಕು ಇರಲಿಲ್ಲ. ಬರೀ ನುಗ್ಗುವುದೇ ಗೊತ್ತಿದ್ದದ್ದು, ನುಗ್ಗಿದರೆ ಮೂರು ಜನ ಹಿಡಿದು ಕೂರಿಸುವರು. ಮೇಲೆ ಮಂಡಿ ಚಿಪ್ಪಿನ ಕೆಳಗೆ ನೋವು ಬೇರೆ. ಎತ್ತರ ಏರುವ ವಯಸ್ಸಿನಲ್ಲಿ ಜಾಸ್ತಿ ಜಿಗಿದು ಓಡುವ ಮಕ್ಕಳಿಗೆ ಬರುವ ನೋವು ಅದು ಅಂದರು ಡಾಕ್ಟರು. ಎಲ್ಲ ಮ್ಯಾಚಿನಲ್ಲೂ ಪೂರ್ತಿ ಹೊತ್ತು ಅವನನ್ನೇ ಆಡಿಸಿದವನು ನಾನು.

ಒಂದು ಸಂಜೆ ಕಾಲಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಳ್ಳುತ್ತಾ ತಲೆ ಎತ್ತದೆ ಕೇಳಿದ. "ದೊಡ್ಡಪ್ಪ, ಇಷ್ಟು ದಿನ ನೀವು ನನ್ನ ಆಡಿಸಿದ್ದು ನಾನು ಚೆನ್ನಾಗಿ ಆಡ್ತೀನಿ ಅಂತಾನಾ, ನಿಮ್ಮ ತಮ್ಮನ ಮಗ ಅಂತಾನಾ? ಹುಡುಗರು ಹಿಂಗಂತಾರೆ, ನಂಗೂ ಗೊತ್ತಾಗಲ್ಲ." ನನಗೆ ಉತ್ತರ ಹೊಳೆಯಲಿಲ್ಲ. ಆ ಹುಡುಗ ನಿಜವಾಗಿ ಗೆದ್ದ ಪಾಯಿಂಟುಗಳ ಮೇಲೂ ನಾನು ಅನುಮಾನದ ಮಸಿ ಬಳಿದಿದ್ದೆ.

ಅದಾದ ಮೇಲೆ ಒಂದು ಪುಸ್ತಕ ಇಟ್ಟೆವು. ಡೈರಿಯಲ್ಲಿ ಎಷ್ಟು ಲೀಟರ್, ಎಷ್ಟು ಫ್ಯಾಟ್ ಅಂತ ಪ್ರತಿಯೊಬ್ಬರ ಕಾರ್ಡಿನಲ್ಲಿ ಬರೆಯುತ್ತಾರಲ್ಲ, ಹಾಗೇ. ಯಾವ ಹುಡುಗ ಎಷ್ಟು ನಿಮಿಷ ಅಂಕಣದಲ್ಲಿದ್ದ, ಎಷ್ಟು ರೈಡಿಗೆ ಹೋದ, ಎಷ್ಟು ಹಿಡಿತಕ್ಕೆ ಕೈ ಹಾಕಿದ. ಲೆಕ್ಕ ಸುಲಭ. ಹದಿನೈದು ಹದಿನೈದು ನಿಮಿಷದ ಎರಡು ಪಾಳಿ, ಒಟ್ಟು 30. ಏಳು ಜನ ಅಂದರೆ 210 ನಿಮಿಷ. ಹನ್ನೆರಡು ಹುಡುಗರಿಗೆ ಹಂಚಿದರೆ ಒಬ್ಬೊಬ್ಬರಿಗೆ ಹದಿನೇಳೂವರೆ ನಿಮಿಷ. 14 ವರ್ಷದೊಳಗಿನವರ ಕ್ಲಬ್ ಮ್ಯಾಚುಗಳಲ್ಲಿ ಹತ್ತು ನಿಮಿಷಕ್ಕಿಂತ ಕಡಿಮೆ ಯಾರಿಗೂ ಇಲ್ಲ ಅಂತ ಮಾಡಿಕೊಂಡೆವು. ಪುಸ್ತಕ ಸದ್ದಿಲ್ಲದೆ ಬೀರುವಿನಲ್ಲಿ ಇರುವುದಿಲ್ಲ. ಅಂಕಣದ ಪಕ್ಕದ ಮೇಜಿನ ಮೇಲಿರುತ್ತೆ. ಯಾವ ತಾಯಿ ತಂದೆ ಬೇಕಾದರೂ ತೆಗೆದು ನೋಡಬಹುದು. ಮೊದಲ ತಿಂಗಳ ಲೆಕ್ಕ ಕೂಡಿಸಿದಾಗ ನನಗೇ ಗಾಬರಿಯಾಯಿತು. ಸರಿಯಾಗಿ ಹಂಚುತ್ತಿದ್ದೇನೆ ಅಂದುಕೊಂಡೇ ಮೂವರಿಗೆ ಎರಡರಷ್ಟು ಕೊಟ್ಟಿದ್ದೆ.

ಒಪ್ಪದವರು ಇದ್ದರು. "ಮೇಷ್ಟ್ರೇ, ಕಪ್ ಬೇಡ್ವಾ ಹಂಗಾದ್ರೆ?" ಅಂದರು. ಮೊದಲ ವರ್ಷ ಎರಡು ಟೂರ್ನಮೆಂಟು ಸೋತೆವು, ಅದು ನಿಜ. ನಾರ್ವೆ ದೇಶದಲ್ಲಿ 11 ವರ್ಷ ಆಗುವ ತನಕ ಮಕ್ಕಳ ಆಟದಲ್ಲಿ ಅಂಕಪಟ್ಟಿ, ಸ್ಥಾನ ಏನೂ ಹಾಕಬಾರದು ಅಂತ ನಿಯಮ ಇದೆ. ಅದನ್ನು ಹಾಗೇ ಇಲ್ಲಿಗೆ ತರಲು ಆಗಲ್ಲ. ಜಾತ್ರೆ ಕಬಡ್ಡಿಗೆ ಪಾಯಿಂಟ್ ಬೇಕು, ಸಿಳ್ಳೆ ಬೇಕು, ಅದೇ ಅದರ ಸೊಗಸು. ಗೆಲ್ಲುವ ಆಸೆ ಮಕ್ಕಳಿಗೂ ಇರುತ್ತೆ. ಆದರೆ ಕಬಡ್ಡಿಯಲ್ಲೇ ಒಂದು ಚೆಂದದ ನಿಯಮ ಇದೆ ನೋಡಿ. ಔಟಾದವರು ಒಳಗೆ ಬರುವುದು ಔಟಾದ ಸರದಿಯಲ್ಲೇ. ಮೊದಲು ಹೋದವನು ಮೊದಲು ಬರಬೇಕು. "ಅವನು ಬೇಡ, ನಮ್ಮ ಒಳ್ಳೇ ರೈಡರ್ ಬರಲಿ" ಅಂತ ಕೋಚ್ ಎಷ್ಟು ಕೂಗಿದರೂ ರೆಫರಿ ಬಿಡಲ್ಲ. ಗೆರೆಯ ಒಳಗೆ ಇರುವ ಆ ಸರದಿಯನ್ನು ಗೆರೆಯ ಹೊರಗಿನ ಬೆಂಚಿಗೂ ತಂದೆವು, ಅಷ್ಟೇ.

ಹಾಲಿನ ಹುಡುಗನಿಗೆ ಈಗ ಹದಿನಾರು ನಡೆಯುತ್ತಿದೆ. ಹೋದ ವರ್ಷ ಬೆಳೆದ, ಇನ್ನೂ ಬೆಳೆಯುತ್ತಿದ್ದಾನೆ. ಎಡಗಡೆ ಕಾರ್ನರ್ ಹಿಡಿಯುತ್ತಾನೆ. ಚಿಕ್ಕ ಮೈಯಲ್ಲೇ ದೊಡ್ಡವರನ್ನು ನಿಲ್ಲಿಸಬೇಕಾಗಿತ್ತಲ್ಲ, ಹಾಗಾಗಿ ರೈಡರಿನ ಪಾದ ನೋಡುವುದನ್ನು ಚೆನ್ನಾಗಿ ಕಲಿತಿದ್ದಾನೆ. ಭುಜ ನೋಡಲ್ಲ, ಮುಖ ನೋಡಲ್ಲ. ಪಾದ ನೆಲ ಬಿಡುವ ಹೊತ್ತಿಗೆ ಇವನ ಎರಡು ಕೈ ಗಿಣ್ಣಿಗೆ ಬಿದ್ದಿರುತ್ತೆ. ಅಭ್ಯಾಸದಲ್ಲಿ ನನ್ನ ತಮ್ಮನ ಮಗನನ್ನು ಅವನು ಹಾಗೆ ಹಿಡಿದ ದಿನ ಇಬ್ಬರೂ ಮಣ್ಣಲ್ಲಿ ಬಿದ್ದುಕೊಂಡು ನಗುತ್ತಿದ್ದರು.

ಬರುವ ಭಾನುವಾರ ದಸರಾ ಕ್ರೀಡಾಕೂಟದ ತಾಲ್ಲೂಕು ಮಟ್ಟಕ್ಕೆ ನಮ್ಮ ಕ್ಲಬ್ಬಿನ ಆಯ್ಕೆ ಇದೆ. ಹೆಸರು ಕೊಟ್ಟವರಲ್ಲಿ ಇಬ್ಬರೂ ಇದ್ದಾರೆ. ಆಯ್ಕೆಗೆ ಮೂವರು ಬರುತ್ತಾರೆ, ಇಬ್ಬರು ಬೇರೆ ಊರಿನವರು. ನನ್ನ ಮನೆಯ ಹುಡುಗ ಇರುವುದರಿಂದ ನಾನು ಆ ಮೇಜಿಗೆ ಕೂರುವುದಿಲ್ಲ. ನೀರಿನ ಡ್ರಮ್ಮು ತುಂಬಿಸಿ, ಸುಣ್ಣದ ಗೆರೆ ಎಳೆದು, ಪುಸ್ತಕವನ್ನು ಅವರ ಕೈಗೆ ಕೊಟ್ಟು ಆಚೆ ನಿಲ್ಲುತ್ತೇನೆ.

ನಮಸ್ಕಾರ.