ಗೋಧಿ ಹೊಲದ ಹೊಟ್ಟು ಯಾರ ಪಾಲು?

ಕೇಳುಗರೆಲ್ಲರಿಗೂ ನಮಸ್ಕಾರ.

ಪುಣೆಯಲ್ಲಿ ನೆಲೆಸಿರುವ ನಮ್ಮ ಕನ್ನಡ ಮಂದಿಯಲ್ಲಿ ಅನೇಕರಿಗೆ ಊರಲ್ಲಿ ಇನ್ನೂ ನಾಲ್ಕೆಂಟು ಎಕರೆ ಹೊಲ ಇದೆ. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆ. ಯಾರೋ ಪಾಲಿಗೆ ಮಾಡುತ್ತಾರೆ. ನಾವು ಹಡಪಸರದಲ್ಲೋ ಪಿಂಪ್ರಿಯಲ್ಲೋ ಕೂತು ಫೋನಿನಲ್ಲೇ ಒಕ್ಕಲುತನ ನಡೆಸುತ್ತೇವೆ. ಫೋನಿನಲ್ಲಿ ಕೇಳುವುದೂ ಅದೇ ಅದೇ. ಯಾವ ಬೀಜ ಹಾಕಿದ್ರಿ? ಗೊಬ್ಬರ ಎಷ್ಟು ಚೀಲ? ಟ್ರ್ಯಾಕ್ಟರ್ ಬಾಡಿಗೆ ಎಷ್ಟಾಯ್ತು? ರಾಶಿ ಆದ ಮೇಲೆ ಹೊಟ್ಟು ಏನು ಮಾಡಿದ್ರಿ ಅಂತ ಕೇಳುವವರು ಕಡಿಮೆ.

ಬೀಜದ ಬಗ್ಗೆ ಮಾತಾಡುವುದು ತಪ್ಪಲ್ಲ. ಇದೇ ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆ ಎಷ್ಟೋ ಒಳ್ಳೆಯ ಗೋಧಿ ತಳಿಗಳನ್ನು ಕೊಟ್ಟಿದೆ. ಬಾರಾಮತಿ ಹತ್ತಿರದ ಹೋಳ್ ಊರಲ್ಲಿ ಅವರ ಪ್ರಯೋಗದ ಹೊಲ ಇದೆ. ಆದರೆ ತಳಿ ಎಷ್ಟೇ ಒಳ್ಳೆಯದಿರಲಿ, ಬೇರು ಇಳಿಯಬೇಕಾದದ್ದು ಮಣ್ಣಿಗೆ. ಆ ಮಣ್ಣಿಗೆ ನಾವು ಏನು ಮಾಡುತ್ತಿದ್ದೇವೆ ಅನ್ನುವುದೇ ಇವತ್ತಿನ ಮಾತು.

ಉಳಲೇಬೇಡಿ ಅನ್ನುವ ವಿಡಿಯೋಗಳು ಈಗ ಮೊಬೈಲ್ ತುಂಬ ಬರುತ್ತವೆ. ನನ್ನ ಪ್ರಕಾರ ಅವು ಅರ್ಧ ಮಾತ್ರ ಹೇಳುತ್ತವೆ. ಉಳುಮೆ ಬಿಟ್ಟು, ಮೇಲಿನ ಕಸಕಡ್ಡಿಯನ್ನೂ ಬಳಿದು ಒಯ್ದರೆ ಹೊಲ ಉದ್ಧಾರ ಆಗುವುದಿಲ್ಲ. ಬೋಳು ನೆಲ ಬಿಸಿಲಿಗೆ ಗಟ್ಟಿಯಾಗುತ್ತದೆ, ಅಷ್ಟೇ. 2015ರಲ್ಲಿ ಜಗತ್ತಿನ ಬೇರೆ ಬೇರೆ ಕಡೆಯ 600ಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದ ಒಂದು ದೊಡ್ಡ ಅಧ್ಯಯನ ಬಂತು. ಉಳದೆ ಬಿತ್ತಿದ ಹೊಲಗಳಲ್ಲಿ ಇಳುವರಿ ಸರಾಸರಿ ನೂರಕ್ಕೆ ಐದಾರರಷ್ಟು ಕಡಿಮೆಯೇ ಇತ್ತು. ಆದರೆ ಮಳೆಯನ್ನೇ ನಂಬಿದ ಒಣ ಸೀಮೆಗಳಲ್ಲಿ, ಹೊಟ್ಟನ್ನು ನೆಲದ ಮೇಲೆ ಉಳಿಸಿ ಬೆಳೆ ಬದಲಿಸುತ್ತಾ ಹೋದಲ್ಲಿ, ಇಳುವರಿ ಜಾಸ್ತಿ ಆಗಿತ್ತು. ಒಣ ಸೀಮೆ ಅಂದರೆ ನಮ್ಮ ವಿಜಯಪುರ ಅಲ್ವಾ? ಆದ್ದರಿಂದ ಈ ಮಾತು ನಮಗೆ ಸಂಬಂಧಪಟ್ಟದ್ದು.

ಉಳುಮೆ ಮಣ್ಣಿನೊಳಗೆ ಏನು ಮಾಡುತ್ತದೆ ಅಂತ ಸ್ವಲ್ಪ ನೋಡೋಣ. ಮಣ್ಣು ಬರೀ ಪುಡಿ ಅಲ್ಲ. ಬೇರಿನ ಅಂಟು, ಶಿಲೀಂಧ್ರದ ಎಳೆ, ಎರೆಹುಳದ ಹಿಕ್ಕೆ ಎಲ್ಲ ಸೇರಿ ಕಣಗಳನ್ನು ಸಣ್ಣ ಸಣ್ಣ ಹರಳುಗಳಾಗಿ ಹಿಡಿದಿರುತ್ತವೆ. ಹರಳಿನ ನಡುವಿನ ಸಂದಿಯಲ್ಲೇ ನೀರು, ಗಾಳಿ ಎರಡೂ ಇರುವುದು. ಮಣ್ಣನ್ನು ಪುಡಿ ಮಾಡುವ ರೋಟಾವೇಟರ್ ಯಂತ್ರ ಎರಡು ಮೂರು ಸಲ ಓಡಿಸಿದರೆ ಆ ಹರಳು ಒಡೆಯುತ್ತದೆ. ನೋಡುವುದಕ್ಕೆ ಹೊಲ ಬಹಳ ಚಂದ. ಮೊದಲ ನೀರು ಬಿದ್ದ ಕೂಡಲೇ ಆ ಪುಡಿ ಮಣ್ಣು ಮೇಲೆ ಹಪ್ಪಳದಂತೆ ಕಟ್ಟಿಕೊಳ್ಳುತ್ತದೆ. ಕೆಳಗೆ, ಅಲಗು ತಾಕುವ ನಾಲ್ಕೈದು ಇಂಚಿನ ಆಚೆ, ವರ್ಷ ವರ್ಷ ಒತ್ತಿ ಒತ್ತಿ ಒಂದು ಗಟ್ಟಿ ಪದರ ಆಗಿರುತ್ತದೆ. ನೀರು ಅಲ್ಲೇ ನಿಲ್ಲುತ್ತದೆ. ಬಿತ್ತಿ ಮೂರು ವಾರಕ್ಕೆ ಗೋಧಿಗೆ ಹೊಸ ಬೇರು ಬಿಡುವ ಹೊತ್ತು. ಆಗ ಕೊಟ್ಟ ನೀರಿಗೆ ಪೈರು ಹಸಿರಾಗುವ ಬದಲು ಹಳದಿ ಆಗಿದ್ದನ್ನು ನೋಡಿದ್ದೀರಾ? ಜನ ಯೂರಿಯಾ ಸಾಲದು ಅಂತ ಇನ್ನೊಂದು ಚೀಲ ಎರಚುತ್ತಾರೆ. ಎಷ್ಟೋ ಸಲ ಕೊರತೆ ಯೂರಿಯಾದ್ದಲ್ಲ, ಬೇರಿಗೆ ಉಸಿರಿಲ್ಲ.

ಇನ್ನೊಂದು ಸಂಗತಿ. ಮಣ್ಣು ತಿರುವಿದಾಗ ಒಳಗೆ ಗಾಳಿ ಹೋಗುತ್ತದೆ. ಸೂಕ್ಷ್ಮಜೀವಿಗಳು ಚುರುಕಾಗಿ, ಕೂಡಿಟ್ಟ ಸಾವಯವ ಅಂಶವನ್ನು ಬೇಗ ಬೇಗ ತಿಂದು ಮುಗಿಸುತ್ತವೆ. ಆ ವರ್ಷ ಪೈರಿಗೆ ಸಾರಜನಕ ಸಿಗುತ್ತದೆ, ಹುಲುಸಾಗಿ ಬರುತ್ತದೆ. ಅದಕ್ಕೇ ಆಳವಾಗಿ ಉತ್ತರೆ ಒಳ್ಳೆಯದು ಅನ್ನುವ ನಂಬಿಕೆ ಗಟ್ಟಿಯಾಗಿದ್ದು. ಖರ್ಚಾದದ್ದು ಮಾತ್ರ ಮಣ್ಣಿನ ಗಂಟು. ಸಾವಯವ ಇಂಗಾಲ ಶೇಕಡಾ 0.5ಕ್ಕಿಂತ ಕಡಿಮೆ ಇದ್ದರೆ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ‘ಕಡಿಮೆ’ ಅಂತ ಬರುತ್ತದೆ. ನಿಮ್ಮ ಹೊಲದ ಚೀಟಿಯಲ್ಲಿ ಆ ಸಾಲು ಏನಿದೆ, ಒಮ್ಮೆ ತರಿಸಿ ನೋಡಿ.

ಸೊಲ್ಲಾಪುರ ರಸ್ತೆಯಲ್ಲಿ ಊರಿಗೆ ಹೋಗುವಾಗ ಇಂದಾಪುರದ ಆಸುಪಾಸು ಕಪ್ಪಗೆ ಸುಟ್ಟ ಹೊಲ ಕಾಣುತ್ತವೆ. ಹೆಚ್ಚಿನವು ಕಬ್ಬಿನ ರವದಿ ಅಂದರೆ ಒಣ ಎಲೆ, ಕೆಲವು ಕೊಯ್ದ ಮೇಲೆ ನಿಂತ ಗೋಧಿ ಕೂಳೆ. ಸುಡುವ ವಿಷಯ ಬಂದರೆ ನಾವು ಪಂಜಾಬಿನವರನ್ನು ಬೈಯುತ್ತೇವೆ. ಅವರ ಕಷ್ಟ ಬೇರೆ. ಅಂತರ್ಜಲ ಉಳಿಸಲು 2009ರಲ್ಲಿ ಅಲ್ಲಿ ಒಂದು ಕಾನೂನು ಬಂತು. ಭತ್ತದ ನಾಟಿ ಮುಂದಕ್ಕೆ ಹೋಯಿತು, ಕೊಯ್ಲೂ ತಡವಾಯಿತು. ಗೋಧಿ ಬಿತ್ತಲು ಉಳಿದದ್ದು ಎರಡು ಮೂರು ವಾರ. ಭತ್ತದ ಹುಲ್ಲಿಗೆ ಕಡ್ಡಿ ಗೀರುವುದೇ ಅಗ್ಗವಾಯಿತು. ಒಂದು ಟನ್ ಭತ್ತದ ಹುಲ್ಲಿನಲ್ಲಿ ಸುಮಾರು ಐದೂವರೆ ಕಿಲೋ ಸಾರಜನಕ, 25 ಕಿಲೋ ಪೊಟ್ಯಾಶ್ ಇರುತ್ತದೆ. ಬೂದಿಯಲ್ಲಿ ಪೊಟ್ಯಾಶ್ ಬಹುಪಾಲು ಉಳಿಯುತ್ತದೆ, ಅದು ನಿಜ. ಸಾರಜನಕ ಮತ್ತು ಇಂಗಾಲ ಹೊಗೆಯಾಗಿ ಹೋಗುತ್ತವೆ. ಈ ಇಕ್ಕಟ್ಟಿಗೆ ಹ್ಯಾಪಿ ಸೀಡರ್ ಅನ್ನುವ ಯಂತ್ರ ಒಂದು ದಾರಿ. ಅದು ಹುಲ್ಲನ್ನು ಕತ್ತರಿಸಿ, ಸಾಲು ಕೊರೆದು ಬೀಜ ಬಿಟ್ಟು, ಅದೇ ಹುಲ್ಲನ್ನು ಮೇಲೆ ಹೊದಿಸುತ್ತಾ ಹೋಗುತ್ತದೆ.

ನಮ್ಮ ಕಡೆ ಅಷ್ಟು ಹುಲ್ಲಿನ ಗುಡ್ಡೆ ಇಲ್ಲ. ಮಹಾರಾಷ್ಟ್ರದಲ್ಲಿ ಬಹಳ ಹೊಲಗಳಲ್ಲಿ ಸೋಯಾ ಆದ ಮೇಲೆ ಗೋಧಿ. ಸೋಯಾದ ಎಲೆ ಅಲ್ಲೇ ಉದುರಿರುತ್ತದೆ, ನೆಲ ಮೆತ್ತಗೆ, ಹಸಿ ಇನ್ನೂ ಇರುತ್ತದೆ. ಉಳದೆ ಕೂರಿಗೆ ಹೂಡುವುದಕ್ಕೆ ಇದಕ್ಕಿಂತ ಸುಲಭದ ಜಾಗ ಇಲ್ಲ. ಬಿತ್ತನೆ ಒಂದು ವಾರ ಮುಂಚೆ ಆದರೂ ಲಾಭವೇ. ನಮ್ಮ ಚಳಿ ಗಿಡ್ಡ. ಫೆಬ್ರವರಿ ಬಿಸಿಲಿಗೆ ಸಿಕ್ಕ ಗೋಧಿಯ ಕಾಳು ಜೊಳ್ಳಾಗುತ್ತದೆ. ಇಲ್ಲೇ ಕರ್ಜತ್ ಪಕ್ಕದ ನೇರಳದಲ್ಲಿ ಚಂದ್ರಶೇಖರ ಭಡಸಾವಳೆ ಅನ್ನುವ ರೈತರು ಭತ್ತವನ್ನೇ ಹೀಗೆ ಬೆಳೆಯುವ ದಾರಿ ತೋರಿಸಿದ್ದಾರೆ. ಒಮ್ಮೆ ಏರುಮಡಿ ಮಾಡಿದರೆ ಮತ್ತೆ ಉಳುವುದಿಲ್ಲ, ಬೇರನ್ನು ಕೀಳುವುದಿಲ್ಲ.

ತೊಂದರೆ ಇಲ್ಲವೇ? ಇದೆ. ಮೊದಲ ಎರಡು ಮೂರು ವರ್ಷ ಕಳೆ ಕಾಡುತ್ತದೆ, ಕಳೆನಾಶಕದ ಖರ್ಚು ಬರುತ್ತದೆ. ಹೊಟ್ಟಿನ ಕೆಳಗೆ ಇಲಿ ಸೇರುತ್ತವೆ. ಗೋಧಿ ಹೊಟ್ಟಿನಲ್ಲಿ ಸಾರಜನಕದ ಒಂದು ಪಾಲಿಗೆ ಇಂಗಾಲ ಸುಮಾರು 80 ಪಾಲು. ಅದನ್ನು ಬಿತ್ತನೆಗೆ ಮುಂಚೆ ಮಣ್ಣಲ್ಲಿ ಬೆರೆಸಿದರೆ, ಕೊಳೆಸುವ ಜೀವಿಗಳು ಪೈರಿನ ಸಾರಜನಕಕ್ಕೇ ಕೈ ಹಾಕುತ್ತವೆ. ಮೇಲೆಯೇ ಬಿಟ್ಟರೆ ನಿಧಾನ ಕೊಳೆಯುತ್ತದೆ, ಆ ಪೈಪೋಟಿ ಕಡಿಮೆ. ಯೂರಿಯಾವನ್ನು ಹೊಟ್ಟಿನ ಮೇಲೆ ಎರಚಬೇಡಿ, ಗಾಳಿಗೆ ಹೋಗುತ್ತದೆ. ಬೀಜದ ಸಾಲಿನ ಪಕ್ಕ ಮಣ್ಣಲ್ಲಿ ಇಳಿಸಬೇಕು. ಕೆಳಗೆ ಗಟ್ಟಿ ಪದರ ಇದ್ದರೆ ಅದನ್ನು ಒಮ್ಮೆ ಒಡೆಸಿಯೇ ಉಳುಮೆ ಬಿಡಬೇಕು. ಇನ್ನು ನಮ್ಮ ಹಿರಿಯರು ಹಿಂಗಾರಿ ಜೋಳದಲ್ಲಿ ಎಡೆಕುಂಟೆ ಹೊಡೆದು ಎರೆಭೂಮಿಯ ಬಿರುಕು ಮುಚ್ಚುತ್ತಿದ್ದರಲ್ಲ, ಅದು ಸುಮ್ನೆ ಅಲ್ಲ. ಬಿರುಕಿನಿಂದ ಹಸಿ ಆರಿ ಹೋಗದಿರಲಿ ಅಂತ. ಹೊಟ್ಟಿನ ಹೊದಿಕೆ ಆ ಕೆಲಸವನ್ನು ಇನ್ನೊಂದು ದಾರಿಯಲ್ಲಿ ಮಾಡುತ್ತದೆ.

ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಊರಿಗೆ ಹೋಗುತ್ತೀರಲ್ಲ, ಸಜ್ಜೆ ಕಡುಬಿನ ಬುತ್ತಿಯ ಜೊತೆ ಒಂದು ಸಲಿಕೆ ಇಟ್ಟುಕೊಳ್ಳಿ. ಹೊಲದ ನಡುವೆ ಒಂದು ಕಡೆ, ಹುಲ್ಲು ಬೆಳೆದ ಬದುವಿನಲ್ಲಿ ಒಂದು ಕಡೆ ಅಗೆಯಿರಿ. ಎರಡೂ ಕಡೆಯ ಹೆಂಟೆ ಒಣಗಿಸಿ ಬೇರೆ ಬೇರೆ ಗಾಜಿನ ಲೋಟದ ನೀರಿಗೆ ಬಿಡಿ. ಮಣ್ಣು ಒಂದೇ. ಯಾವುದು ಮೊದಲು ಕರಗಿ ರಾಡಿ ಆಗುತ್ತದೆ ನೋಡಿ. ಬೇಗ ಕರಗಿದ್ದರಲ್ಲಿ ಆಗ ಹೇಳಿದ ಹರಳು ಗಟ್ಟಿ ಇಲ್ಲ ಅಂತ ಅರ್ಥ. ಪಾಲಿಗೆ ಮಾಡುವ ಅಣ್ಣನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ.

ಅವರ ಜೊತೆ ಒಂದು ಮಾತು ಆಗಲೇಬೇಕು. ಪಾಲಿನ ಕರಾರಿನಲ್ಲಿ ಹಲವು ಕಡೆ ಕಾಳಿನಲ್ಲಿ ಇಬ್ಬರಿಗೂ ಪಾಲು, ಹೊಟ್ಟು ಮಾತ್ರ ದುಡಿಯುವವರದು. ಅವರ ಮನೆಯಲ್ಲಿ ಎಮ್ಮೆ ಇದೆ. ಹೊಟ್ಟು ಹೊಲದಲ್ಲೇ ಬಿಡಿ ಅಂತ ಪುಣೆಯಿಂದ ಫೋನು ಮಾಡಿ ಹೇಳಿದರೆ ಅವರು ಯಾಕೆ ಕೇಳಬೇಕು? ಎಲ್ಲ ಬಿಡಿ ಅನ್ನಬೇಡಿ. ಮೊಣಕಾಲೆತ್ತರ ಕೂಳೆ ಬಿಟ್ಟು ಕೊಯ್ಯಿರಿ, ಬೆಂಕಿ ಹಚ್ಚಬೇಡಿ, ರೋಟಾವೇಟರ್ ತರಬೇಡಿ ಅನ್ನಿ. ಅದರಿಂದ ಅವರಿಗೆ ಕಡಿಮೆ ಬೀಳುವ ಹೊಟ್ಟಿನ ಬೆಲೆಯನ್ನು ನಿಮ್ಮ ಪಾಲಿನ ಗೋಧಿಯಲ್ಲಿ ಹಿಡಿದುಕೊಳ್ಳಲು ಹೇಳಿ. ಉಳುಮೆ ಬಿಟ್ಟು ಉಳಿತಾಯವಾದ ಟ್ರ್ಯಾಕ್ಟರ್ ಬಾಡಿಗೆಯ ಲೆಕ್ಕವನ್ನೂ ಅಲ್ಲೇ ಕೂತು ಮಾಡಿ.

ನಮಸ್ಕಾರ.