ನಗರದ ಬೆಳಕಿನ ನಡುವೆಯೂ ನೀಹಾರಿಕೆಯನ್ನು ಸೆರೆಹಿಡಿಯುವುದು ಹೇಗೆ?

[ಪರದೆ: ಒಂದೇ ಎಕ್ಸ್‌ಪೋಷರ್‌ನ ಚಿತ್ರ. ಬೂದು ಬಣ್ಣದ ಆಕಾಶ, ನಡುವೆ ಮಸುಕಾದ ಮಚ್ಚೆ]

ನಮಸ್ಕಾರ. ಈ ಮಚ್ಚೆ ಮಹಾವ್ಯಾಧ ನೀಹಾರಿಕೆ, ಎಂ 42 ಎಂಬ ಅನಿಲ-ಧೂಳಿನ ಮೋಡ. ಸುಮಾರು 1,350 ಜ್ಯೋತಿರ್ವರ್ಷ ದೂರದಿಂದ ಹೊರಟ ಅದರ ಬೆಳಕನ್ನು ಬೀದಿದೀಪಗಳು ತಡೆದಿಲ್ಲ. ತಮ್ಮ ಬೆಳಕನ್ನು ಅದರ ಮೇಲೆ ಸುರಿದಿವೆ, ಅಷ್ಟೆ.

ಹಾಗಾದರೆ ಆ ಹೆಚ್ಚುವರಿ ಬೆಳಕನ್ನು ಕಂಪ್ಯೂಟರಿನಲ್ಲಿ ಕಳೆದರಾಯಿತಲ್ಲವೇ? ಕಳೆಯಬಹುದು. ಆದರೆ ಅದರ ಏರಿಳಿತ ಉಳಿದುಬಿಡುತ್ತದೆ.

[ಪರದೆ: ಒಂದು ಪಿಕ್ಸೆಲ್ ದೊಡ್ಡದಾಗುತ್ತದೆ]

ಈ ಪಿಕ್ಸೆಲ್ ಮೇಲೆ ನಗರದ ಬೆಳಕಿನಿಂದ ಸರಾಸರಿ 10,000 ಫೋಟಾನ್‌ಗಳು, ಅಂದರೆ ಬೆಳಕಿನ ಕಣಗಳು, ಬೀಳುತ್ತವೆ ಎನ್ನೋಣ. ಪ್ರತಿ ಸಲವೂ ಅಷ್ಟೇ ಬೀಳುವುದಿಲ್ಲ. ಹೆಚ್ಚುಕಡಿಮೆ 100ರಷ್ಟು ಅತ್ತಿತ್ತ ಆಗುತ್ತದೆ. ನೀಹಾರಿಕೆಯ ಅಂಚಿನಿಂದ ಬಂದವು 50 ಮಾತ್ರ ಎಂದರೆ, ಅವು ಆ ಏರಿಳಿತದಲ್ಲಿ ಮುಳುಗಿಹೋಗುತ್ತವೆ. ಅಂಥ 100 ಚಿತ್ರಗಳನ್ನು ಸೇರಿಸಿ ಸರಾಸರಿ ತೆಗೆಯಿರಿ: ಏರಿಳಿತ 10ಕ್ಕೆ ಇಳಿಯುತ್ತದೆ, ನೀಹಾರಿಕೆಯ 50 ಹಾಗೆಯೇ ಉಳಿಯುತ್ತದೆ. ಅಂಚು ಎದ್ದು ಕಾಣುತ್ತದೆ! ಇದನ್ನೇ ಸ್ಟ್ಯಾಕಿಂಗ್ ಎನ್ನುತ್ತಾರೆ. ಸ್ಪಷ್ಟತೆ ಎರಡು ಪಟ್ಟಾಗಬೇಕಾದರೆ ನಾಲ್ಕು ಪಟ್ಟು ಸಮಯ ಕೊಡಬೇಕು.

ನಗರದವರಿಗೆ ಒಂದು ಸಮಾಧಾನವೂ ಇದೆ. ಇಲ್ಲಿ ಆಕಾಶದ ಬೆಳಕು ಕ್ಯಾಮೆರಾದ ಸ್ವಂತ ನಾಯ್ಸನ್ನು (ಅದರ ಎಲೆಕ್ಟ್ರಾನಿಕ್ಸ್ ಸೇರಿಸುವ ಏರಿಳಿತವನ್ನು) ಬೇಗನೆ ಮೀರಿಸುವುದರಿಂದ, ಪ್ರತಿ ಚಿತ್ರಕ್ಕೂ ದೀರ್ಘ ಎಕ್ಸ್‌ಪೋಷರ್ ಬೇಕಿಲ್ಲ. ಚಿಕ್ಕ ಎಕ್ಸ್‌ಪೋಷರ್‌ಗಳು ಸಾಕು, ಸಂಖ್ಯೆ ಮಾತ್ರ ಹೆಚ್ಚಿರಲಿ. ನಕ್ಷತ್ರಗಳನ್ನು ಹಿಂಬಾಲಿಸುವ ಸಾಧಾರಣ ಮೌಂಟ್ ಕೂಡ ಇಷ್ಟನ್ನು ನಿಭಾಯಿಸುತ್ತದೆ.

[ಪರದೆ: ವರ್ಣಪಟಲ, ಎರಡು ತೆಳು ಗೆರೆಗಳು]

ಇನ್ನು ಫಿಲ್ಟರ್. ಎಂ 42ರಂತಹ ನೀಹಾರಿಕೆಗಳ ಅನಿಲ ಹೆಚ್ಚಾಗಿ ಕೆಲವೇ ಅಲೆಯುದ್ದಗಳಲ್ಲಿ ಹೊಳೆಯುತ್ತದೆ: ಹೈಡ್ರೋಜನ್ 656.3 ನ್ಯಾನೊಮೀಟರ್‌ನಲ್ಲಿ, ಆಮ್ಲಜನಕ 500.7ರಲ್ಲಿ. ಡ್ಯುಯಲ್ ಬ್ಯಾಂಡ್ ಫಿಲ್ಟರ್ ಈ ಎರಡನ್ನು ಒಳಬಿಟ್ಟು ಉಳಿದ ಬಹುಪಾಲನ್ನು ತಡೆಯುತ್ತದೆ. ಸೋಡಿಯಂ ದೀಪಗಳ ಕಾಲದ ಹಳೆಯ ಫಿಲ್ಟರ್‌ಗಳು ಬಿಳಿ ಎಲ್ಇಡಿಯ ಮುಂದೆ ಸೋಲುತ್ತವೆ; ಆ ಬೆಳಕು ವರ್ಣಪಟಲದ ಉದ್ದಕ್ಕೂ ಹರಡಿಕೊಂಡಿದೆ.

ಗ್ಯಾಲಕ್ಸಿಗಳ ಮಾತು ಬೇರೆ. ಅವು ನಕ್ಷತ್ರಗಳ ಬೆಳಕು. ಅದೂ ಎಲ್ಲ ಬಣ್ಣಗಳಲ್ಲಿ ಹರಡಿದೆ. ಫಿಲ್ಟರ್ ಹಾಕಿದರೆ ಗ್ಯಾಲಕ್ಸಿಯೇ ಮಂಕಾಗುತ್ತದೆ. ಆದ್ದರಿಂದ ನಗರದಲ್ಲಿ ಮೊದಲ ಪ್ರಯತ್ನಕ್ಕೆ ಗ್ಯಾಲಕ್ಸಿ ಬೇಡ ಎಂಬುದು ನನ್ನ ಖಚಿತ ಸಲಹೆ. ತೆಗೆಯಲೇಬೇಕೆಂದರೆ ಅದು ನೆತ್ತಿಯ ಹತ್ತಿರ ಬರುವವರೆಗೆ ಕಾಯಿರಿ. ದಿಗಂತದ ಕಡೆ ಬೆಳಕಿನ ಮಾಲಿನ್ಯ ಹೆಚ್ಚು.

ಫ್ಲಾಟ್ ಚಿತ್ರಗಳನ್ನು, ಅಂದರೆ ಸಮನಾಗಿ ಬೆಳಗಿದ ಮೇಲ್ಮೈಯ ಚಿತ್ರಗಳನ್ನು, ಮಾತ್ರ ಬಿಡಬೇಡಿ. ಹಿನ್ನೆಲೆ ಬೆಳಗಿರುವಾಗ ಸೆನ್ಸರ್ ಮತ್ತು ಅದರ ಮುಂದಿನ ಗಾಜಿನ ಮೇಲಿನ ಧೂಳು ಕಪ್ಪು ಮಚ್ಚೆ ಅಥವಾ ಉಂಗುರಗಳಾಗಿ ಕಾಣುತ್ತದೆ. ಅದನ್ನು ಸರಿಪಡಿಸುವುದು ಇವೇ. ಸ್ಟ್ಯಾಕಿಂಗ್ ಮುಗಿದ ಮೇಲೆ, ಒಂದು ಬದಿಯಿಂದ ಇನ್ನೊಂದು ಬದಿಗೆ ಬದಲಾಗುವ ಹಿನ್ನೆಲೆಯ ಬೆಳಕನ್ನು ಮೊದಲು ತೆಗೆಯಿರಿ. ಹೊಳಪು ಹೆಚ್ಚಿಸುವ ಕೆಲಸ ಆಮೇಲೆ.

[ಪರದೆ: ಸ್ಟ್ಯಾಕಿಂಗ್‌ಗೆ ಮೊದಲು ಮತ್ತು ನಂತರ, ಎಂ 42 ಅಕ್ಕಪಕ್ಕದಲ್ಲಿ]