ಡಾಲರ್ ಮಾರಿ ಹಣದ ಬೆಲೆ ಉಳಿಸಬಹುದೇ?

ಕೇಳುಗರೇ, ನಮಸ್ಕಾರ.

ಒಂದು ದೇಶದ ಹಣದ ಬೆಲೆ ಕುಸಿಯತೊಡಗಿದರೆ ಅಲ್ಲಿನ ಕೇಂದ್ರ ಬ್ಯಾಂಕ್ ಏನು ಮಾಡುತ್ತದೆ? ಕೂಡಿಟ್ಟ ಡಾಲರ್ ಮಾರಿ, ತನ್ನದೇ ಹಣವನ್ನು ಕೊಳ್ಳುತ್ತದೆ. ಸುಲಭ ಅನ್ನಿಸುತ್ತದೆ, ಅಲ್ವಾ? ಆದರೆ ಡಾಲರನ್ನು ಅದು ಅಚ್ಚು ಹಾಕುವಂತಿಲ್ಲ. ಇದ್ದಷ್ಟೇ ಮಾರಬೇಕು. ಇದು ಮಾರುಕಟ್ಟೆಗೂ ಚೆನ್ನಾಗಿ ಗೊತ್ತು.

1992ರ ಸೆಪ್ಟೆಂಬರ್ 16ರಂದು ಬ್ರಿಟನ್ನಿನಲ್ಲಿ ಆದದ್ದು ಇದೇ. ಯುರೋಪಿನ ದೇಶಗಳು ಒಪ್ಪಿಕೊಂಡಿದ್ದ ಮಿತಿಗಿಂತ ಪೌಂಡ್ ಕೆಳಗಿಳಿಯಬಾರದಿತ್ತು. ಅಲ್ಲಿನ ಕೇಂದ್ರ ಬ್ಯಾಂಕ್ ಪೌಂಡನ್ನು ಕೊಂಡರೂ ಕೊಂಡರೂ ಸಾಲಲಿಲ್ಲ. ಹೆಚ್ಚು ಬಡ್ಡಿಯ ಆಸೆಗೆ ಜನ ಪೌಂಡ್ ಇಟ್ಟುಕೊಳ್ಳಲಿ ಎಂದು ಬೆಳಿಗ್ಗೆ ಬಡ್ಡಿ ದರವನ್ನು ಶೇಕಡಾ 10ರಿಂದ 12ಕ್ಕೆ ಏರಿಸಿದರು. ಮಧ್ಯಾಹ್ನ, 15ಕ್ಕೆ ಏರಿಸುತ್ತೇವೆ ಎಂದರು. ಪೌಂಡ್ ಮಾರುವವರು ಜಗ್ಗಲಿಲ್ಲ. ಆರ್ಥಿಕತೆ ಆಗಲೇ ಸೊರಗಿತ್ತು. ಮನೆ ಸಾಲ ಕಟ್ಟುವವರ ಮೇಲೆ ಅಷ್ಟು ಬಡ್ಡಿ ಹೇರಿ ಯಾವ ಸರ್ಕಾರ ತಾನೇ ಉಳಿದೀತು? ಸಂಜೆಗೆ ಬ್ರಿಟನ್ ಆ ವ್ಯವಸ್ಥೆಯಿಂದ ಹೊರಬಂತು.

1960ರ ದಶಕದಲ್ಲೇ ಅರ್ಥಶಾಸ್ತ್ರಜ್ಞರಾದ ಮಂಡೆಲ್ ಮತ್ತು ಫ್ಲೆಮಿಂಗ್ ಅವರ ಅಧ್ಯಯನಗಳು ಈ ಇಕ್ಕಟ್ಟನ್ನು ತೋರಿಸಿದ್ದವು. ವಿನಿಮಯ ದರ ಕದಲಬಾರದು, ಬಂಡವಾಳ ಗಡಿ ದಾಟಿ ಓಡಾಡಬೇಕು, ಬಡ್ಡಿ ದರವೂ ನಮ್ಮ ಕೈಯಲ್ಲೇ ಇರಬೇಕು ಅಂದರೆ ಆಗದು. ಎರಡು ಬೇಕಾದರೆ ಮೂರನೆಯದನ್ನು ಬಿಡಲೇಬೇಕು.

ಹಣದ ಬೆಲೆ ಏರದಂತೆ ತಡೆಯುವುದಾದರೆ? ಅದಕ್ಕೆ ಬೇಕಾದಷ್ಟು ನೋಟು ತಾನೇ ಸೃಷ್ಟಿಸಬಹುದು. ಸ್ವಿಟ್ಜರ್ಲೆಂಡಿನ ಕೇಂದ್ರ ಬ್ಯಾಂಕಾದ ಸ್ವಿಸ್ ನ್ಯಾಷನಲ್ ಬ್ಯಾಂಕ್ 2011ರಲ್ಲಿ, ತನ್ನ ಹಣವಾದ ಫ್ರಾಂಕ್ ದುಬಾರಿಯಾಗದಿರಲೆಂದು, ಯೂರೋ ಬೆಲೆ 1.20 ಫ್ರಾಂಕಿಗಿಂತ ಕೆಳಗಿಳಿಯಲು ಬಿಡುವುದಿಲ್ಲ ಎಂದು ಘೋಷಿಸಿತು. ಫ್ರಾಂಕ್ ಕೊಟ್ಟು ವಿದೇಶಿ ಹಣ ಕೊಳ್ಳುತ್ತಾ ಹೋಯಿತು. ಕೊನೆಗೆ ಅದರ ಬಳಿ ರಾಶಿ ಬಿದ್ದ ವಿದೇಶಿ ಹಣವೇ ಹೊರೆಯಾಯಿತು. 2015ರ ಜನವರಿ 15ರಂದು ಮಾತು ಹಿಂತೆಗೆದುಕೊಂಡಿತು. ಕೆಲವೇ ದಿನಗಳ ಹಿಂದೆ ಅದರ ಉಪಾಧ್ಯಕ್ಷರು ಈ ಮಿತಿಯೇ ನಮ್ಮ ನೀತಿಗೆ ಆಧಾರ ಎಂದಿದ್ದರು. ಫ್ರಾಂಕ್ ಒಮ್ಮೆಲೇ ಜಿಗಿಯಿತು. ಫ್ರಾಂಕಿನಲ್ಲಿ ಮನೆ ಸಾಲ ಮಾಡಿದ್ದ ಪೋಲೆಂಡಿನ ಕುಟುಂಬಗಳ ಸಾಲ, ಒಂದು ಪೈಸೆಯನ್ನೂ ಹೊಸದಾಗಿ ಪಡೆಯದೆ, ಹಿಗ್ಗಿತು.

ನನ್ನನ್ನು ಕಾಡುವುದು ಇದೇ. ಇಂಥ ಮಾತನ್ನು ಕೈಬಿಡುತ್ತೇವೆ ಎಂದು ಮುಂಚೆ ತಿಳಿಸುವಂತಿಲ್ಲ. ತಿಳಿಸಿದ ಕ್ಷಣವೇ ಎಲ್ಲರೂ ಮುಗಿಬೀಳುತ್ತಾರೆ. ಹಾಗಾಗಿ ಪೆಟ್ಟು ಬೀಳುವುದು ಏನೂ ಗೊತ್ತಿಲ್ಲದ ಸಾಲಗಾರನಿಗೆ. ದರ ವಿಪರೀತ ಕುಣಿಯುವಾಗ ಕೇಂದ್ರ ಬ್ಯಾಂಕ್ ನಡುವೆ ಬಂದು ವೇಗ ತಗ್ಗಿಸಲಿ, ಅದು ಬೇಕು. ಇಂತಿಷ್ಟೇ ದರ ಎಂದು ಮಾತು ಕೊಡುವುದನ್ನು ಮಾತ್ರ ನಾನು ಒಪ್ಪಲಾರೆ.

ನಮಸ್ಕಾರ.